ನವೋದಯ ಪರೀಕ್ಷೆಗೆ ಮನೆಯಲ್ಲೇ ತಯಾರಿ: 5ನೇ ಕ್ಲಾಸಿನ ಮಗಳಿಗೆ ಎಲ್ಲಿಂದ ಶುರು ಮಾಡಲಿ?

ತೋಟದ ಮನೆ ಅಮ್ಮ, ತೀರ್ಥಹಳ್ಳಿ ತಾಲೂಕು

ಎಲ್ಲರಿಗೂ ನಮಸ್ಕಾರ. ಮಗಳು ಈ ಜೂನ್‌ನಲ್ಲಿ 5ನೇ ಕ್ಲಾಸಿಗೆ ಬಂದಳು. ನಮ್ಮೂರಿನದೇ ಸರ್ಕಾರಿ ಶಾಲೆ. ಅವಳ ಕ್ಲಾಸಿನಲ್ಲಿ ಆರು ಮಕ್ಕಳು. ಮೇಷ್ಟ್ರು ತುಂಬಾ ಒಳ್ಳೆಯವರು, ಆದರೆ ಒಬ್ಬರೇ ಮೂರು ಕ್ಲಾಸು ನೋಡಿಕೊಳ್ಳಬೇಕು. ನಮ್ಮ ಶಿವಮೊಗ್ಗ ಜಿಲ್ಲೆಯ ಗಜಾನೂರಿನ ನವೋದಯಕ್ಕೆ (6ನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿದ್ದು ಓದುವ ಕೇಂದ್ರ ಸರ್ಕಾರದ ಶಾಲೆ) ಪರೀಕ್ಷೆ ಬರೆಸಿ, ಹುಡುಗಿ ಚುರುಕಿದ್ದಾಳೆ ಅಂತ ಅವರೇ ಹೇಳಿದರು.

ಆವತ್ತಿನಿಂದ ತಲೆಯಲ್ಲಿ ಇದೇ. ಪರಿಚಯದವರು ಒಬ್ಬರು, "ಪೇಟೆಯ ಶಾಲೆಗೆ ಹಾಕಿ, ನೆಂಟರ ಮನೆಯಲ್ಲಿ ಬಿಡಿ, ಸಂಜೆ ಕೋಚಿಂಗಿಗೆ ಹೋಗಲಿ" ಅಂತಿದ್ದಾರೆ. ನಮ್ಮನೆಯವರಿಗೂ ಅರ್ಧ ಮನಸ್ಸಾಗಿದೆ. ನನಗೆ ಮಾತ್ರ 10 ವರ್ಷದ ಮಗುವನ್ನು ಈಗಲೇ ಕಳಿಸೋಕೆ ಕರುಳು ಒಪ್ಪುತ್ತಿಲ್ಲ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಲೆಕ್ಕ ಹೇಳಿಕೊಡಬಲ್ಲೆ. ಪರೀಕ್ಷೆಯಲ್ಲಿ ಬರುವ ಚಿತ್ರದ ಪ್ರಶ್ನೆಗಳು ನನಗೇ ಅರ್ಥ ಆಗುವುದಿಲ್ಲ. ಮಳೆ ಹಿಡಿದ ಮೇಲೆ ಕರೆಂಟು ನೆಚ್ಚಿಕೊಳ್ಳುವ ಹಾಗಿಲ್ಲ. ಫೋನಿಗೆ ಸಿಗ್ನಲ್ ಬೇಕಂದರೆ ಗುಡ್ಡ ಹತ್ತಬೇಕು, ಹಾಗಾಗಿ ವಿಡಿಯೋ ನೋಡಿ ಕಲಿಸುವ ಮಾತೇ ಇಲ್ಲ. ದಿನಕ್ಕೆ ಸಂಜೆ ಒಂದು ಗಂಟೆ ನಾನು ಅವಳ ಜೊತೆ ಕೂರಬಲ್ಲೆ. ಅಷ್ಟು ಸಾಕಾಗುತ್ತಾ? ಮನೆಯಲ್ಲೇ ತಯಾರಿ ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹೊಸನಗರದ ಅಪ್ಪ

ಅಕ್ಕ, ಮೊದಲು ಒಂದು ಮಾತು. ಶಾಲೆ ಬದಲಾಯಿಸಬೇಡಿ. ಇದು ಕರುಳಿನ ಮಾತಷ್ಟೇ ಅಲ್ಲ, ನಿಯಮದ ಮಾತೂ ಹೌದು.

ನವೋದಯದಲ್ಲಿ ಒಂದು ಶಾಲೆಗೆ 6ನೇ ಕ್ಲಾಸಿನಲ್ಲಿ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕಡಿಮೆ ಅಂದರೂ ನೂರಕ್ಕೆ 75 ಭಾಗ ಹಳ್ಳಿ ಮಕ್ಕಳಿಗೆ. ಆದರೆ ಹಳ್ಳಿ ಮಗು ಅಂತ ಲೆಕ್ಕಕ್ಕೆ ಬರಬೇಕಾದರೆ 3, 4, 5 ಮೂರೂ ಕ್ಲಾಸು ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದರೂ ಪಟ್ಟಣದ ಮಗು ಅಂತಲೇ ಬರೆಯುತ್ತಾರೆ. ಕೋಚಿಂಗ್ ಆಸೆಗೆ ಈಗ ಪೇಟೆ ಶಾಲೆಗೆ ಸೇರಿಸಿದರೆ, ನಿಮ್ಮ ಮಗಳಿಗೆ ಈಗಾಗಲೇ ಇರುವ ದೊಡ್ಡ ಅನುಕೂಲವನ್ನು ನಾವೇ ಕೈಯಾರೆ ಕಳೆದ ಹಾಗೆ. ಜಿಲ್ಲೆ ದಾಟಿಸಿದರಂತೂ ಗಜಾನೂರಿಗೆ ಅರ್ಜಿಯನ್ನೇ ಹಾಕೋಕೆ ಬರುವುದಿಲ್ಲ. ಮಗು 5ನೇ ಕ್ಲಾಸು ಓದುವ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ. ಹೆಣ್ಣು ಮಕ್ಕಳಿಗೆ ಮೂರನೇ ಒಂದು ಭಾಗ ಸೀಟು ಇದೆ, ಅದೂ ನಿಮ್ಮ ಕಡೆಗೇ.

ಅರ್ಜಿಗೆ ದುಡ್ಡಿಲ್ಲ, ಆನ್‌ಲೈನ್‌ನಲ್ಲೇ ಹಾಕಬೇಕು. ಹೆಡ್‌ಮೇಷ್ಟ್ರ ಸಹಿ ಇರುವ ಸರ್ಟಿಫಿಕೇಟ್ ಬೇಕು. ಅದನ್ನು ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಮಳೆಗಾಲದಲ್ಲಿ ಸೈಬರ್ ಸೆಂಟರಿನಲ್ಲಿ ನೆಟ್ ಸತ್ತು ಕೂತರೆ ಯಾರನ್ನು ಕೇಳೋದು?

ತೋಟದ ಮನೆ ಅಮ್ಮ

ಅಯ್ಯೋ, ಈ ವಿಷಯ ಗೊತ್ತೇ ಇರಲಿಲ್ಲ ಅಣ್ಣ. ಮನೆಯವರಿಗೆ ಎರಡೆರಡು ಸಲ ಓದಿ ಹೇಳಿದೆ. ಪೇಟೆಯ ಮಾತು ಅಲ್ಲಿಗೇ ನಿಂತಿತು. ಪರೀಕ್ಷೆ ಹೇಗಿರುತ್ತೆ, ನೀವು ಹೇಗೆ ಮಾಡಿಸಿದಿರಿ, ಸ್ವಲ್ಪ ವಿವರವಾಗಿ ಹೇಳ್ತೀರಾ?

ಹೊಸನಗರದ ಅಪ್ಪ

ಹೇಳ್ತೇನೆ. ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಪರೀಕ್ಷೆ 2 ಗಂಟೆ, 80 ಪ್ರಶ್ನೆ, 100 ಅಂಕ. ಒಂದೊಂದು ಪ್ರಶ್ನೆಗೆ ಒಂದೂಕಾಲು ಅಂಕ. ಮಾನಸಿಕ ಸಾಮರ್ಥ್ಯ ಅಂದರೆ ಆ ಚಿತ್ರದ ಪ್ರಶ್ನೆಗಳು 40. ಲೆಕ್ಕ 20, ಭಾಷೆ 20. ಒಂದೊಂದು ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದರ ಸೊನ್ನೆಯನ್ನು ಉತ್ತರಪತ್ರಿಕೆಯಲ್ಲಿ ಆ ಪ್ರಶ್ನೆಯ ಸಾಲಿನಲ್ಲಿ ಪೆನ್ನಿನಿಂದ ತುಂಬಬೇಕು. ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಈಚಿನ ವರ್ಷಗಳಲ್ಲಿ ನಮ್ಮ ಕಡೆ ಡಿಸೆಂಬರ್ ಅಥವಾ ಜನವರಿಯಲ್ಲಿ ಪರೀಕ್ಷೆ ಬರುತ್ತಿದೆ. ಅಂದರೆ ನಿಮ್ಮ ಕೈಯಲ್ಲಿ ಹೆಚ್ಚುಕಡಿಮೆ ಆರು ತಿಂಗಳು ಇದೆ. ದಿನಕ್ಕೆ ಒಂದು ಗಂಟೆ ಧಾರಾಳ ಸಾಕು.

ನನಗೆ ಇಬ್ಬರು ಮಕ್ಕಳು. ದೊಡ್ಡವನಿಗೆ ಸೀಟು ಸಿಗಲಿಲ್ಲ. ಚಿಕ್ಕವಳಿಗೆ ಸಿಕ್ಕಿತು. ದೊಡ್ಡವನನ್ನು ವಾರಕ್ಕೆ ಮೂರು ದಿನ ಒಂದು ಕೋಚಿಂಗಿಗೆ ಕಳಿಸಿದ್ದೆ. ಅಲ್ಲಿ ಪ್ರಶ್ನೆಪತ್ರಿಕೆ ಮೇಲೆ ಪ್ರಶ್ನೆಪತ್ರಿಕೆ ಬರೆಸಿದರು. ಪ್ರತಿ ಸಲ ಮಾರ್ಕ್ಸು ಕೂಡಿಸಿ ಮನೆಗೆ ಕಳಿಸೋರು. ನಾನು ಮೇಲಿನ ನಂಬರು ನೋಡಿ "ಇನ್ನೂ ಜಾಸ್ತಿ ಓದು" ಅನ್ನುತ್ತಿದ್ದೆ. ಯಾವುದು ತಪ್ಪಿತು, ಯಾಕೆ ತಪ್ಪಿತು ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದಕ್ಕೆ ಇವತ್ತಿಗೂ ಬೇಜಾರಿದೆ.

ಪರೀಕ್ಷೆ ದಿನ ಆಗಿದ್ದು ಇಷ್ಟು. ಅವನು 31ನೇ ಪ್ರಶ್ನೆ ಆಮೇಲೆ ಮಾಡೋಣ ಅಂತ ಬಿಟ್ಟ. 32ರ ಉತ್ತರವನ್ನು 31ರ ಸಾಲಿನಲ್ಲಿ ತುಂಬಿದ. ಅಲ್ಲಿಂದ ಒಂದೊಂದು ಸಾಲು ಮೇಲೆ ಮೇಲೆ ಹೋಯಿತು. 40ಕ್ಕೆ ಬಂದಾಗ ಗೊತ್ತಾಗಿದೆ. ಪೆನ್ನಿನಲ್ಲಿ ತುಂಬಿದ್ದು, ಅಳಿಸುವ ಹಾಗಿಲ್ಲ. ಆಮೇಲೆ ಕೈ ನಡುಗಿ ಏನು ಬರೆದೆ ಅಂತಲೇ ಗೊತ್ತಾಗಲಿಲ್ಲವಂತೆ. ಇದನ್ನು ಅವನು ನಮಗೆ ಹೇಳಿದ್ದು ಎರಡು ದಿನ ಆದಮೇಲೆ, ರಾತ್ರಿ ಊಟಕ್ಕೆ ಕೂತಾಗ, ತಟ್ಟೆ ನೋಡಿಕೊಂಡು. ಓದಿದ್ದು ಬರದೆ ಸೋತಿದ್ದಲ್ಲ ಹುಡುಗ.

ಚಿಕ್ಕವಳಿಗೆ ಬೇರೆ ಮಾಡಿದೆ. 100 ಪುಟದ ಒಂದು ನೋಟ್‌ಬುಕ್ ತಂದು ಗೆರೆ ಎಳೆದು ಮೂರು ಕಾಲಂ ಮಾಡಿಕೊಟ್ಟೆ. ಪ್ರಶ್ನೆ, ನಾನು ಕೊಟ್ಟ ಉತ್ತರ, ಯಾಕೆ ತಪ್ಪಿತು. ಮೂರನೆಯದನ್ನು ಅವಳೇ ಬರೆಯಬೇಕು, ಅವಳದೇ ಮಾತಿನಲ್ಲಿ. ದಿನಕ್ಕೆ ಬರೀ 15 ಪ್ರಶ್ನೆ. ಉಳಿದ ಹೊತ್ತೆಲ್ಲ ಆ ಮೂರನೇ ಕಾಲಮ್ಮಿಗೆ.

ಒಂದು ಉದಾಹರಣೆ ಹೇಳಿದರೆ ಅರ್ಥ ಆಗುತ್ತೆ. 0.5 ಮತ್ತು 0.45, ಯಾವುದು ದೊಡ್ಡದು ಅಂತ ಪ್ರಶ್ನೆ. ಅವಳು 0.45 ಅಂದಳು. ಅವಸರದಲ್ಲಿ ತಪ್ಪಿರಬೇಕು ಅಂದುಕೊಂಡೆ. ಯಾಕೆ ಅಂತ ಕೇಳಿದಾಗ, "45 ಅಲ್ವಾ ಅಪ್ಪ, ಅದು ಬರೀ 5" ಅಂದಳು. ಅದು ಅವಸರ ಅಲ್ಲ, ಅವಳು ಹಾಗೆಂದೇ ನಂಬಿಕೊಂಡಿದ್ದಳು. ಅದನ್ನು ಬಿಡಿಸದೆ ನೂರು ಪತ್ರಿಕೆ ಬರೆಸಿದ್ದರೂ ನೂರು ಸಲ ತಪ್ಪುತ್ತಿತ್ತು. ಅರ್ಧ ರೂಪಾಯಿ ಅಂದರೆ 50 ಪೈಸೆ, ಇದು 45 ಪೈಸೆ ಅಂತ ದುಡ್ಡಿನಲ್ಲಿ ಹೇಳಿದೆ. ಎರಡು ನಿಮಿಷ ಹಿಡಿಯಿತು. ಮತ್ತೆ ಒಂದು ಸಲವೂ ತಪ್ಪಲಿಲ್ಲ.

ಹಾಗೆಯೇ ಉತ್ತರಪತ್ರಿಕೆ. ರೂಲ್ ನೋಟ್‌ಬುಕ್ಕಿನಲ್ಲಿ ಸಾಲಿಗೆ ನಾಲ್ಕು ಸೊನ್ನೆ ಬರೆದು 80 ಸಾಲು ಮಾಡಿಕೊಳ್ಳಿ. ಮೊದಲ ದಿನದಿಂದಲೇ ಬಾಲ್‌ಪೆನ್ನಿನಲ್ಲಿ ತುಂಬಿಸಿ. ಪೆನ್ಸಿಲ್ ಮುಟ್ಟುವುದೇ ಬೇಡ, ಪರೀಕ್ಷೆಯಲ್ಲಿ ಪೆನ್ಸಿಲ್ ಬಿಡುವುದಿಲ್ಲ. ತುಂಬುವಾಗ ಬಾಯಲ್ಲಿ ಮೆಲ್ಲಗೆ "23ಕ್ಕೆ 23" ಅಂತ ಹೇಳಿಕೊಳ್ಳಲಿ. ಬಿಟ್ಟ ಪ್ರಶ್ನೆ ಇದ್ದರೆ ಪ್ರಶ್ನೆಪತ್ರಿಕೆಯಲ್ಲಿ ಆ ನಂಬರಿಗೆ ಸುತ್ತು ಹಾಕಲಿ. ನಮ್ಮ ಹುಡುಗಿ ನಿದ್ದೆಗಣ್ಣಲ್ಲೂ "23ಕ್ಕೆ 23" ಅನ್ನುವ ಹಾಗಾಗಿದ್ದಳು.

ಶಿಕಾರಿಪುರದ ಅಮ್ಮ

ಇದಕ್ಕೆ ನನ್ನದೊಂದು ತಕರಾರಿದೆ ಅಣ್ಣ. ತಪ್ಪಿನದೇ ಒಂದು ಪುಸ್ತಕ ಮಾಡಿದರೆ ಮಗು ಕುಗ್ಗುವುದಿಲ್ವಾ? ನನ್ನ ಮಗ ಕೆಂಪು ಶಾಯಿ ಕಂಡರೆ ಅಳುತ್ತಾನೆ. ಅವನಿಗೆ ಬಂದಿದ್ದನ್ನು ಹೊಗಳಿದರೆ ಮಾತ್ರ ಕೂರುತ್ತಾನೆ.

ಹೊಸನಗರದ ಅಪ್ಪ

ಖಂಡಿತ ಕುಗ್ಗುತ್ತೆ ಅಕ್ಕ, ನಾವು ಬರೆದರೆ. ಅದಕ್ಕೇ ನಾನು ಪೆನ್ನು ಮುಟ್ಟಲಿಲ್ಲ. ಕೆಂಪು ಶಾಯಿ ಮನೆಯಲ್ಲೇ ಇಟ್ಟಿರಲಿಲ್ಲ. ಇನ್ನೊಂದು, ವಾರಕ್ಕೊಮ್ಮೆ ಹಳೇ ಪುಟ ತೆಗೆದು ಅದೇ ಪ್ರಶ್ನೆ ಮತ್ತೆ ಕೇಳುತ್ತಿದ್ದೆ. ಸರಿಯಾದರೆ ಆ ಸಾಲನ್ನು ಅವಳೇ ಅಡ್ಡಗೆರೆ ಎಳೆದು ಹೊಡೆದುಹಾಕೋಳು. ಆ ಹೊಡೆದ ಸಾಲುಗಳನ್ನು ಅಜ್ಜಿಗೆ ತೋರಿಸೋದು ಅವಳಿಗೆ ದೊಡ್ಡ ಖುಷಿ. ನಿಮ್ಮ ಮಗನ ಹತ್ತಿರ ಒಂದು ವಾರ ಹೀಗೆ ಮಾಡಿಸಿ ನೋಡಿ. ಆಗಲೂ ಅತ್ತರೆ ಬಿಟ್ಟುಬಿಡಿ. ಮಗುವಿಗಿಂತ ಪುಸ್ತಕ ದೊಡ್ಡದಲ್ಲ.

ಸಾಗರದ ನಿವೃತ್ತ ಮೇಷ್ಟ್ರು

ಲೆಕ್ಕದ ಬಗ್ಗೆ ನಾನೂ ನಾಲ್ಕು ಮಾತು ಹೇಳುತ್ತೇನೆ. ತಂಗೀ, ನಿಮ್ಮ ತೋಟಕ್ಕಿಂತ ಒಳ್ಳೆಯ ಲೆಕ್ಕದ ಪುಸ್ತಕ ಪೇಟೆಯಲ್ಲಿ ಸಿಗುವುದಿಲ್ಲ.

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಹಗ್ಗ ಹಿಡಿದು ಅಂಗಳದಲ್ಲಿ ಅಳೆದು ನಾಲ್ಕು ಮೂಲೆಗೆ ಗೂಟ ಹೊಡೆಯಿಸಿ. ಸುತ್ತಳತೆ ಅಂದರೆ ನಡೆದ ದೂರ, ವಿಸ್ತೀರ್ಣ ಅಂದರೆ ಒಳಗಿನ ಜಾಗ ಅಂತ ಕಾಲಿಗೇ ಗೊತ್ತಾಗಲಿ. 132 ಅಡಿ ಒಂದು, 1089 ಚದರ ಅಡಿ ಇನ್ನೊಂದು. ಇವೆರಡನ್ನು ಅದಲುಬದಲು ಮಾಡುವ ಮಕ್ಕಳನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ. ನಡೆದು ಅಳೆದ ಮಗು ಅದಲುಬದಲು ಮಾಡುವುದಿಲ್ಲ.

ಆಮೇಲೆ ಅಡಿಕೆ ಸಾಲಿಗೆ ಕರೆದುಕೊಂಡು ಹೋಗಿ. ಮರದಿಂದ ಮರಕ್ಕೆ 9 ಅಡಿ ಇದೆ ಅಂದುಕೊಳ್ಳಿ. ಮೊದಲ ಮರದಿಂದ ಕೊನೆ ಮರಕ್ಕೆ 27 ಅಡಿ. ಎಷ್ಟು ಮರ? ಪುಸ್ತಕದಲ್ಲಿ ಕೇಳಿದರೆ ಮಗು 27ನ್ನು 9ರಿಂದ ಭಾಗಿಸಿ 3 ಅನ್ನುತ್ತದೆ. ಸಾಲಿನಲ್ಲಿ ನಿಲ್ಲಿಸಿ ಎಣಿಸಲು ಹೇಳಿ. ನಾಲ್ಕು ಮರ ಇರುತ್ತವೆ, ಸಂದು ಮೂರು. ಈ ಜಾಗದಲ್ಲಿ ಸುಮ್ಮನಿದ್ದುಬಿಡಿ. ಉತ್ತರ ಹೇಳಿಕೊಡಬೇಡಿ. ಮಗು ಮರ ನೋಡುತ್ತದೆ, ಕೈ ಬೆರಳು ನೋಡುತ್ತದೆ, ಮತ್ತೆ ಮರ ನೋಡುತ್ತದೆ. ಅದು ತಾನಾಗಿ "ಸಂದು ಬೇರೆ, ಮರ ಬೇರೆ" ಅನ್ನುವವರೆಗೆ ಕಾಯಿರಿ. ಮಾರನೇ ದಿನ, ಕೆರೆ ಸುತ್ತ ನೆಟ್ಟರೆ ಎಷ್ಟು ಅಂತ ಕೇಳಿ. ಸುತ್ತು 27 ಅಡಿ ಇದ್ದರೆ ಅಲ್ಲಿ ಮೂರೇ ಮರ, ಯಾಕೆಂದರೆ ಕೊನೆಯ ಸಂದು ಮತ್ತೆ ಮೊದಲ ಮರಕ್ಕೇ ಬಂದು ಸೇರುತ್ತದೆ. ಬೇಲಿ ಕಂಬದ ಲೆಕ್ಕ ಕೊಟ್ಟರೂ, ದಾರಿ ಬದಿಯ ದೀಪದ ಲೆಕ್ಕ ಕೊಟ್ಟರೂ ಒಳಗಿರುವುದು ಇದೇ.

ಶೇಕಡಾ ಕಲಿಸಲು ಸುಲಿದ ಅಡಿಕೆ ಸಾಕು. ನೂರು ಕೆ.ಜಿ. ಹಸಿ ಅಡಿಕೆಗೆ ನಿಮ್ಮಲ್ಲಿ 13 ಕೆ.ಜಿ. ಒಣಗಿದ್ದು ಸಿಕ್ಕರೆ ಅದೇ ಶೇಕಡಾ 13. ಹಾಗಾದರೆ 250 ಕೆ.ಜಿ.ಗೆ ಎಷ್ಟು? ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾದಾಗ ತೂಕದ ಚೀಟಿ ಬರೆಯುವ ಕೆಲಸ ಅವಳಿಗೇ ಕೊಡಿ.

ಮಗ್ಗಿ ಮಾತ್ರ 20ರವರೆಗೆ ಬಾಯಿಗೆ ಬರಲೇಬೇಕು. ಒಂದು ಪ್ರಶ್ನೆಗೆ ಸಿಗುವುದು ಒಂದೂವರೆ ನಿಮಿಷ. ಹದಿನೇಳು ಎಂಟಲಿ ಎಷ್ಟು ಅಂತ ಅಲ್ಲಿ ಕೂತು ಕೂಡಿಸುತ್ತಿದ್ದರೆ ಹೊತ್ತು ಸಾಲುವುದಿಲ್ಲ.

ಹಳೇ ನವೋದಯದ ಹುಡುಗಿ, ಈಗ ಶಿವಮೊಗ್ಗ

ಆಂಟಿ, ಚಿತ್ರದ ಪ್ರಶ್ನೆಗೆ ಹೆದರಬೇಡಿ. ನನಗೆ ಕಲಿಸಿದ್ದು ಓದಲು ಬಾರದ ನಮ್ಮಜ್ಜಿ. ಹತ್ತು ಬಗೆ ಇರುತ್ತೆ, ಒಂದೊಂದರಲ್ಲಿ ನಾಲ್ಕು ಪ್ರಶ್ನೆ. ಗುಂಪಿಗೆ ಸೇರದ್ದು, ಅದೇ ತರಹದ್ದು, ಮುಂದೆ ಬರುವುದು, ಕನ್ನಡಿ ಬಿಂಬ, ಅಡಗಿರುವ ಚಿತ್ರ, ಹೀಗೆ. ಎಲ್ಲವನ್ನೂ ಕೈಯಲ್ಲಿ ಮಾಡಿ ನೋಡಬಹುದು.

ಕಾಗದ ಮಡಚಿ ತೂತು ಮಾಡುವುದು ಒಂದಿದೆ. ಹಳೇ ಪೇಪರ್ ತಗೊಂಡು ಚೌಕ ಕತ್ತರಿಸಿ. ಎರಡು ಸಲ ಮಡಚಿ ದಬ್ಬಣದಲ್ಲಿ ಒಂದು ತೂತು ಚುಚ್ಚಿ. ಬಿಡಿಸುವ ಮೊದಲು ತೂತು ಎಲ್ಲೆಲ್ಲಿ ಬರುತ್ತೆ ಅಂತ ಇನ್ನೊಂದು ಕಾಗದದಲ್ಲಿ ಚುಕ್ಕಿ ಇಡಿಸಿ. ಆಮೇಲೆ ಬಿಡಿಸಿ ನೋಡಲಿ. ಮೊದಮೊದಲು ನಾನು ಎರಡು ಚುಕ್ಕಿ ಇಡುತ್ತಿದ್ದೆ, ಬಿಡಿಸಿದರೆ ನಾಲ್ಕು ಇರೋವು. ಒಂದು ವಾರ ಆದಮೇಲೆ ಕಾಗದ ಬೇಕಾಗಲಿಲ್ಲ, ಕಣ್ಣು ಮುಚ್ಚಿದರೆ ಬಿಡಿಸಿದ್ದು ಕಾಣೋದು.

ಚೌಕ, ವೃತ್ತದ ತುಂಡು ಜೋಡಿಸುವುದಕ್ಕೆ ಅಡಿಕೆ ಹಾಳೆ ತುಂಬಾ ಒಳ್ಳೆಯದು. ಹಾಳೆಯಲ್ಲಿ ತಟ್ಟೆ ಇಟ್ಟು ದುಂಡಗೆ ಕತ್ತರಿಸಿ, ಅದನ್ನು ಅಡ್ಡಾದಿಡ್ಡಿ ಮೂರು ತುಂಡು ಮಾಡಿ. ಬೇರೆ ಎರಡು ದುಂಡಿನ ತುಂಡುಗಳ ಜೊತೆ ಕಲಸಿಬಿಡಿ. ಯಾವುದು ಯಾವುದಕ್ಕೆ ಅಂತ ಹುಡುಕಲಿ. ಕನ್ನಡಿ ಬಿಂಬಕ್ಕೆ ಅಪ್ಪ ಗಡ್ಡ ಬೋಳಿಸುವ ಕನ್ನಡಿ ಸಾಕು. ಇಂಗ್ಲಿಷ್ ದೊಡ್ಡಕ್ಷರದಲ್ಲಿ ಎ, ಎಚ್, ಐ, ಎಂ, ಓ, ಟಿ, ಯು, ವಿ, ಡಬ್ಲ್ಯೂ, ಎಕ್ಸ್, ವೈ ಈ 11 ಅಕ್ಷರ ಕನ್ನಡಿಯಲ್ಲೂ ಹಾಗೇ ಇರುತ್ತವೆ. ಅವಳೇ ಕಂಡುಹಿಡಿಯಲಿ, ನೀವು ಮೊದಲೇ ಹೇಳಬೇಡಿ.

ಇನ್ನೊಂದು ವಿಷಯ, ಯಾರೂ ಹೇಳದೇ ಇರೋದು. ಸೀಟು ಸಿಕ್ಕಿದರೆ ಹಾಸ್ಟೆಲಿನಲ್ಲಿ ಇರಬೇಕು. ಬಟ್ಟೆ ಒಗೆಯೋದು, ಹಾಸಿಗೆ ಮಡಚೋದು, ಬಡಿಸಿದ್ದನ್ನು ತಿನ್ನೋದು, ಮೈ ಹುಷಾರಿಲ್ಲ ಅಂತ ಬಾಯಿಬಿಟ್ಟು ಹೇಳೋದು ಈ ಆರು ತಿಂಗಳಲ್ಲಿ ರೂಢಿ ಆಗಲಿ. ಮೊದಲ ತಿಂಗಳು ನಾನು ದಿನಾ ರಾತ್ರಿ ಅತ್ತಿದ್ದೇನೆ. ಲೆಕ್ಕ ಬರಲಿಲ್ಲ ಅಂತಲ್ಲ, ಜಡೆ ಹಾಕಿಕೊಳ್ಳೋಕೆ ಬರುತ್ತಿರಲಿಲ್ಲ. 9ನೇ ಕ್ಲಾಸಿನಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ಮಾತಾಡುವ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ, ಅದೂ ಗೊತ್ತಿರಲಿ. ಮೊದಲು ಕನ್ನಡದಲ್ಲೇ ಪಾಠ ಇರುತ್ತೆ, ಮುಂದೆ ಗಣಿತ ವಿಜ್ಞಾನ ಇಂಗ್ಲಿಷಿಗೆ ತಿರುಗುತ್ತೆ. ಅವಳನ್ನು ಒಂದು ಸಲ ಗಜಾನೂರಿಗೆ ಕರೆದುಕೊಂಡು ಹೋಗಿ. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರವೇ ಇದೆಯಲ್ಲ. ಅವಳಿಗೆ ಆ ಜಾಗ ಇಷ್ಟ ಆಗುತ್ತಾ ಅಂತ ಕೇಳಿ.

ಸೊರಬದ ಅಕ್ಕ

ಭಾಷೆಯ ಭಾಗ ಯಾರೂ ಹೇಳಲಿಲ್ಲ. ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ಪ್ರಶ್ನೆ ಮೊದಲು ಓದಿಕೊಂಡು ಆಮೇಲೆ ಗದ್ಯ ಓದಿದರೆ ಬೇಗ ಆಗುತ್ತೆ. ನನ್ನ ಮಗ ಹಾಗೇ ಮಾಡಿದ.

ಸಾಗರದ ನಿವೃತ್ತ ಮೇಷ್ಟ್ರು

ನಾನು ಇದನ್ನು ಒಪ್ಪುವುದಿಲ್ಲ ತಾಯಿ. ಪ್ರಶ್ನೆ ಮೊದಲು ಓದಿದ ಮಗು ಗದ್ಯದಲ್ಲಿ ಆ ಪದವನ್ನೇ ಹುಡುಕುತ್ತದೆ, ಸಿಕ್ಕಿದ ಕೂಡಲೇ ಅಲ್ಲೇ ನಿಲ್ಲುತ್ತದೆ. "ಈ ಗದ್ಯಕ್ಕೆ ತಕ್ಕ ಹೆಸರು ಯಾವುದು" ಅಂತ ಕೇಳಿದರೆ ಆಗ ಬಾಯಿ ಬಿಡುತ್ತದೆ. ಮೊದಲು ಗದ್ಯವನ್ನು ಒಂದು ಸಲ ನಿಧಾನಕ್ಕೆ ಪೂರ್ತಿ ಓದಲಿ.

ನಮ್ಮ ಮಲೆನಾಡಿನ ಮಕ್ಕಳಿಗೆ ಇನ್ನೊಂದು ತೊಡಕಿದೆ. ಮನೆಯ ಮಾತೇ ಬೇರೆ, ಪುಸ್ತಕದ ಮಾತೇ ಬೇರೆ. ಹವ್ಯಕರ ಮನೆಯ ಮಗುವಿಗೂ, ಉರ್ದು, ಕೊಂಕಣಿ ಮಾತಾಡುವ ಮನೆಯ ಮಗುವಿಗೂ ಪ್ರಶ್ನೆಪತ್ರಿಕೆಯ ಕನ್ನಡ ಕಲಿತ ಕನ್ನಡ. ದಿನಾ ಪೇಪರಿನ ಒಂದು ಸುದ್ದಿ ಗಟ್ಟಿಯಾಗಿ ಓದಿಸಿ, "ಏನಾಯ್ತಂತೆ?" ಅಂತ ಮನೆ ಮಾತಿನಲ್ಲಿ ಹೇಳಿಸಿ. ನೀವು ರೊಟ್ಟಿ ತಟ್ಟುತ್ತಾ ಕೇಳಿಸಿಕೊಳ್ಳಬಹುದು.

ಸೊರಬದ ಅಕ್ಕ

ಹೆಸರು ಕೇಳುವ ಪ್ರಶ್ನೆಯಲ್ಲೇ ಅವನು ತಪ್ಪುತ್ತಿದ್ದ ಅನ್ನೋದು ಈಗ ನೆನಪಾಯ್ತು ಮೇಷ್ಟ್ರೇ. ಚಿಕ್ಕವನಿಗೆ ನೀವು ಹೇಳಿದ ಹಾಗೆ ಮಾಡಿಸುತ್ತೇನೆ.

ಭದ್ರಾವತಿಯ ಅಪ್ಪ

ನವೋದಯ ಒಂದನ್ನೇ ನೆಚ್ಚಿ ಕೂರಬೇಡಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ 6ನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಇದೆ, ಪಾಠದ ವಿಷಯಗಳನ್ನು ಜಾಸ್ತಿ ಕೇಳುತ್ತಾರೆ. ಆದರ್ಶ ವಿದ್ಯಾಲಯಕ್ಕೂ ಇದೆ, ಅದು ಇಂಗ್ಲಿಷ್ ಮಾಧ್ಯಮ. ಸೈನಿಕ ಶಾಲೆ ನಮ್ಮ ರಾಜ್ಯದಲ್ಲಿ ವಿಜಯಪುರ ಮತ್ತು ಕೊಡಗಿನಲ್ಲಿ ಇವೆ. ಹೆಣ್ಣು ಮಕ್ಕಳೂ ಸೇರಬಹುದು. ಅಲ್ಲಿ 300 ಅಂಕದಲ್ಲಿ ಲೆಕ್ಕಕ್ಕೇ 150, ಸಾಮಾನ್ಯ ಜ್ಞಾನವೂ ಇದೆ, ಫೀಸು ಕಟ್ಟಬೇಕು. ನವೋದಯದಲ್ಲಿ ಊಟ, ವಸತಿ, ಪುಸ್ತಕಕ್ಕೆ ದುಡ್ಡಿಲ್ಲ. ಒಂದೇ ತಯಾರಿ ಎಲ್ಲದಕ್ಕೂ ಮುಕ್ಕಾಲು ಪಾಲು ಆಗಿಬರುತ್ತೆ.

ಶಿಕಾರಿಪುರದ ಅಮ್ಮ

6ನೇ ಕ್ಲಾಸಿನ ನವೋದಯ ಪರೀಕ್ಷೆ ಒಂದೇ ಸಲ ಬರೆಯೋಕೆ ಆಗೋದು ಅಂತಾರಲ್ಲ, ನಿಜಾನಾ?

ಹೊಸನಗರದ ಅಪ್ಪ

ನಿಜ. ಎರಡನೇ ಸಲ ಬಿಡುವುದಿಲ್ಲ. ಆದರೆ 8ನೇ ಕ್ಲಾಸು ಓದುವಾಗ 9ಕ್ಕೆ ಸೇರಲು ಬೇರೆ ಪರೀಕ್ಷೆ ಇದೆ, ಖಾಲಿ ಇರುವ ಸೀಟಿಗೆ. ನನ್ನ ದೊಡ್ಡವನು ಅದನ್ನು ಬರೆಯಲ್ಲ ಅಂದ. ಊರಿನ ಹೈಸ್ಕೂಲಿನಲ್ಲೇ ಇದ್ದಾನೆ, ಚೆನ್ನಾಗಿ ಓದುತ್ತಿದ್ದಾನೆ. ತಂಗಿಗೆ ಉತ್ತರಪತ್ರಿಕೆ ತುಂಬೋದು ಹೇಳಿಕೊಟ್ಟವನು ಅವನೇ. ಪಕ್ಕದಲ್ಲಿ ಕೂತು, "31 ಬಿಟ್ಟೆಯಾ? ಹಾಗಾದರೆ 31ರ ಸಾಲು ಖಾಲಿ ಇದೆಯಾ ನೋಡು" ಅಂತ ತೋರಿಸುತ್ತಿದ್ದ. ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ.

ತೋಟದ ಮನೆ ಅಮ್ಮ

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಗುಡ್ಡ ಹತ್ತಿ ಬಂದೆ. ನಡುವೆ ನಾಲ್ಕು ದಿನ ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು, ಆಗ ಜಾಸ್ತಿ ಆಯಿತು. ಚಿಮಣಿ ದೀಪದಲ್ಲಿ ಹಾಳೆ ತುಂಡು ಜೋಡಿಸುತ್ತಾ ಕೂತಿರುತ್ತಾಳೆ, ಅವಳ ತಮ್ಮನೂ ಬಂದು ಕೂರುತ್ತಾನೆ.

ತಪ್ಪಿನ ನೋಟ್‌ಬುಕ್ ನೆನ್ನೆ ಎಣಿಸಿದೆವು. ಲೆಕ್ಕದಲ್ಲಿ 11 ತಪ್ಪು. ಅದರಲ್ಲಿ 7ಕ್ಕೆ ಅವಳು ಬರೆದ ಕಾರಣ "ಪ್ರಶ್ನೆ ಪೂರ್ತಿ ಓದಲಿಲ್ಲ". ಯಾವುದು ಸರಿಯಲ್ಲ ಅಂತ ಕೇಳಿದರೆ ಸರಿ ಇರುವುದಕ್ಕೆ ತುಂಬಿದ್ದಾಳೆ. ನಾನು ಭಾಗಾಕಾರ ಬರಲ್ಲ ಅಂದುಕೊಂಡು ಅದನ್ನೇ ತಿಕ್ಕುತ್ತಿದ್ದೆ. ಈಗ ಪ್ರಶ್ನೆಯ ಕೊನೆಯ ಪದಕ್ಕೆ ಗೆರೆ ಎಳೆದು ಆಮೇಲೆ ಉತ್ತರ ನೋಡು ಅಂದಿದ್ದೇನೆ. ಮರದ ಲೆಕ್ಕಕ್ಕೆ ಮೊದಲ ದಿನ 3 ಅಂದಳು, ಎಣಿಸಿ ಸುಮ್ಮನಾದಳು. ನಾನೂ ಮೇಷ್ಟ್ರು ಹೇಳಿದ ಹಾಗೆ ಸುಮ್ಮನಿದ್ದೆ, ತುಂಬಾ ಕಷ್ಟ ಆಯ್ತು. ರಾತ್ರಿ ಮಲಗುವಾಗ "ಅಮ್ಮಾ, ಮೊದಲನೇ ಮರಕ್ಕೆ ಸಂದು ಇಲ್ಲ" ಅಂದಳು.

ಜಡೆ ಅವಳೇ ಹಾಕಿಕೊಳ್ಳುತ್ತಿದ್ದಾಳೆ, ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ. ಹಾಗೇ ಶಾಲೆಗೆ ಕಳಿಸುತ್ತಿದ್ದೇನೆ.

ಒಂದೇ ಕೊರತೆ. ನಮ್ಮಲ್ಲಿಗೆ ಪೇಪರ್ ಬರುವುದಿಲ್ಲ. ಓದಿಸೋಕೆ ಗದ್ಯ ಎಲ್ಲಿ ಸಿಗುತ್ತೆ?

ಸಾಗರದ ನಿವೃತ್ತ ಮೇಷ್ಟ್ರು

ನನ್ನ ಹತ್ತಿರ ಹಳೆಯ ಮಕ್ಕಳ ಪತ್ರಿಕೆಗಳೂ ಕತ್ತರಿಸಿಟ್ಟ ಪೇಪರುಗಳೂ ಒಂದು ಪೆಟ್ಟಿಗೆ ತುಂಬ ಇವೆ ತಂಗೀ. ಯಾರೂ ಓದುವವರಿಲ್ಲದೆ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತಿವೆ. ಒಳ್ಳೆಯವನ್ನು ಆರಿಸಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಶನಿವಾರ ಬೆಳಗಿನ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳಲು ಯಾರಾದರೂ ಇರಲಿ.

ತೋಟದ ಮನೆ ಅಮ್ಮ

ನಮ್ಮನೆಯವರು ಇರುತ್ತಾರೆ ಮೇಷ್ಟ್ರೇ. ಶನಿವಾರ ಅವಳಿಗೆ ಅರ್ಧ ದಿನ ಶಾಲೆ. ತಾನೂ ಬರ್ತೀನಿ ಅಂತಿದ್ದಾಳೆ.